ಚಂಡಮಾರುತವೂ ಕರಾವಳಿಯ ಎಚ್ಚರಿಕೆಯೂ

ಬೇಲೂರು ತಾಲ್ಲೂಕಿನ ಮಾದಿಹಳ್ಳಿ ಹೋಬಳಿಯ ರೈತನಿಗೆ ಸಮುದ್ರವೆಂದರೆ ಮೊದಲು ನೆನಪಿಗೆ ಬರುವುದು ಹಳೇಬೀಡಿನ ಕೆರೆ. ಹೊಯ್ಸಳರು ತಮ್ಮ ರಾಜಧಾನಿಗೆ ದೋರಸಮುದ್ರವೆಂದು ಹೆಸರಿಟ್ಟುಕೊಂಡಿದ್ದರು. ಕಡಲು ಕಾಣದ ನಾಡಿನಲ್ಲಿ ಕೆರೆಯನ್ನೇ ಸಮುದ್ರವೆಂದು ಕರೆದ ಆ ಹಿರಿಯರ ಮನಸ್ಸು ದೊಡ್ಡದು. ಆದರೆ ನಿಜವಾದ ಸಮುದ್ರವಾದರೂ ಮಾದಿಹಳ್ಳಿಗೆ ಬಹಳ ದೂರವೇನಲ್ಲ. ನಕ್ಷೆಯ ಮೇಲೆ ನೇರವಾಗಿ ಗೆರೆಯೆಳೆದರೆ ಮಂಗಳೂರಿನ ದಡಕ್ಕೆ ನೂರು ಮೈಲಿಗೂ ಕಡಿಮೆ. ನಡುವೆ ಪಶ್ಚಿಮ ಘಟ್ಟದ ಗೋಡೆ ನಿಂತಿರುವುದರಿಂದ ಕಡಲು ನಮಗೆ ಪರದೇಶದಂತೆ ತೋರುತ್ತದೆ, ಅಷ್ಟೆ.

ಈ ಗೋಡೆಯ ಆಚೆ ನಡೆಯುವ ಒಂದು ಮಹೋತ್ಪಾತವೇ ನಮ್ಮ ಇಂದಿನ ಭಾಷಣದ ವಿಷಯ. ಅದಕ್ಕೆ ಚಂಡಮಾರುತವೆಂದು ಹೆಸರು. ಕರಾವಳಿಯವರು ತೂಫಾನು ಎನ್ನುತ್ತಾರೆ. ಅದು ಹುಟ್ಟುವ ಬಗೆ ಹೇಗೆ, ಅದು ಬರುತ್ತಿದೆಯೆಂದು ಮನುಷ್ಯನು ತಿಳಿದುಕೊಂಡದ್ದು ಹೇಗೆ, ತಿಳಿದ ಮೇಲೆ ಮಾಡಿದ್ದೇನು, ಮಾಡದೆ ಬಿಟ್ಟದ್ದೇನು ಎಂಬುದನ್ನು ಶ್ರೋತೃಗಳ ಮುಂದಿಡಬೇಕೆಂದು ನಮ್ಮ ಅಪೇಕ್ಷೆ. ಊರೊಳಗೆ ಕುಳಿತವರಿಗೆ ಈ ಮಾತೇಕೆ ಎಂದು ಯಾರಾದರೂ ಕೇಳಿದರೆ, ಅದಕ್ಕೂ ಉತ್ತರವುಂಟು. ಅದನ್ನು ಕೊನೆಗೆ ಹೇಳುತ್ತೇವೆ.

ಮೊದಲು ಇದರ ಹುಟ್ಟು. ಸಮುದ್ರದ ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿದ್ದು, ಆ ಬಿಸಿ ಕೆಲವು ಮಾರು ಆಳಕ್ಕೂ ಇಳಿದಿದ್ದರೆ, ಅಲ್ಲಿಂದ ಆವಿ ಧಾರಾಳವಾಗಿ ಏಳುತ್ತದೆ. ಮೇಲೆ ಹೋದ ಆವಿ ತಣಿದು ಹನಿಗಟ್ಟುವಾಗ ತನ್ನೊಳಗಿನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಆ ಶಾಖದಿಂದ ಸುತ್ತಲ ಗಾಳಿ ಹಗುರವಾಗಿ ಇನ್ನೂ ಮೇಲೇರುತ್ತದೆ. ಕೆಳಗೆ ವಾಯುಭಾರವು ಕುಸಿಯುತ್ತದೆ. ಕುಸಿದ ತಾಣಕ್ಕೆ ಸುತ್ತಲಿಂದ ತೇವದ ಗಾಳಿ ನುಗ್ಗುತ್ತದೆ. ಅದೂ ಮೇಲೇರಿ ಮತ್ತಷ್ಟು ಶಾಖವನ್ನು ಕೊಡುತ್ತದೆ. ಒಲೆಯ ಉರಿ ತನಗೆ ಬೇಕಾದ ಸೌದೆಯನ್ನು ತಾನೇ ಎಳೆದುಕೊಳ್ಳುತ್ತಿದ್ದರೆ ಹೇಗೋ ಹಾಗೆ ಇದು. ಭೂಮಿಯು ತಿರುಗುತ್ತಿರುವುದರಿಂದ ಹೀಗೆ ನುಗ್ಗುವ ಗಾಳಿ ನೆಟ್ಟಗೆ ನಡುವಿಗೆ ಸೇರಲಾರದೆ, ನಮ್ಮ ಉತ್ತರಾರ್ಧಗೋಳದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತತೊಡಗುತ್ತದೆ. ಭೂಮಧ್ಯರೇಖೆಯ ತೀರ ಸಮೀಪದಲ್ಲಿ ಈ ತಿರುಗಿಸುವ ಬಲ ಇಲ್ಲದಿರುವುದರಿಂದ ಅಲ್ಲಿ ಚಂಡಮಾರುತಗಳು ಹುಟ್ಟುವುದು ಬಲು ಅಪರೂಪ.

ಸುಳಿ ಬಲವಾದಾಗ ಅದರ ನಡುವೆ ಒಂದು ಕಣ್ಣು ಮೂಡುತ್ತದೆ. ಕಣ್ಣಿನೊಳಗೆ ಗಾಳಿ ಶಾಂತ, ಕೆಲವೊಮ್ಮೆ ಮೇಲೆ ನೀಲಿಯ ಆಕಾಶವೂ ಕಾಣುತ್ತದೆ. ಕಣ್ಣಿನ ಸುತ್ತಲ ಮೋಡದ ಗೋಡೆಯಲ್ಲಿ ಮಾತ್ರ ಪ್ರಳಯ. ಕಣ್ಣು ತಲೆಯ ಮೇಲೆ ಬಂದಾಗ ಗಾಳಿ ನಿಂತಿತೆಂದು ಮನೆಯಿಂದ ಹೊರಬಂದವರು, ಅರೆಗಳಿಗೆಯಲ್ಲೇ ಎದುರು ದಿಕ್ಕಿನಿಂದ ಬಂದ ಗಾಳಿಗೆ ಸಿಕ್ಕಿ ಸತ್ತದ್ದುಂಟು. ನಮ್ಮ ದೇಶದ ಹವಾಮಾನ ಇಲಾಖೆಯು ಗಾಳಿಯ ವೇಗವನ್ನು ನೋಡಿ ಇದಕ್ಕೆ ಬೇರೆ ಬೇರೆ ಹೆಸರು ಕೊಡುತ್ತದೆ. ಗಂಟೆಗೆ 31 ಕಿಲೋಮೀಟರು ಮುಟ್ಟಿದರೆ ವಾಯುಭಾರ ಕುಸಿತ. 62 ಮುಟ್ಟಿದರೆ ಚಂಡಮಾರುತ. 89ಕ್ಕೆ ತೀವ್ರ, 118ಕ್ಕೆ ಅತಿ ತೀವ್ರ. 222ನ್ನು ಮೀರಿದರೆ ಅದು ಸೂಪರ್ ಸೈಕ್ಲೋನ್. ಆದರೆ ಜನರನ್ನು ಹೆಚ್ಚಾಗಿ ಕೊಲ್ಲುವುದು ಗಾಳಿಯಲ್ಲ, ನೀರು. ಗಾಳಿಯು ಕಡಲನ್ನು ದಡದ ಮೇಲಕ್ಕೆ ನೂಕುವುದರಿಂದ ಉಂಟಾಗುವ ಉಬ್ಬರವು ಕೆಲವು ಗಂಟೆಗಳಲ್ಲಿ ಊರುಗಳನ್ನೇ ಅಳಿಸಿಬಿಡುತ್ತದೆ.

ಇನ್ನು ಇದರ ಚರಿತ್ರೆ. ಸೈಕ್ಲೋನ್ ಎಂಬ ಮಾತು ಹುಟ್ಟಿದ್ದು ನಮ್ಮ ದೇಶದಲ್ಲಿಯೇ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಹೆನ್ರಿ ಪಿಡಿಂಗ್ಟನ್ ಎಂಬಾತನು ಹಿಂದೆ ಹಡಗಿನಲ್ಲಿ ದುಡಿದು, ಬಳಿಕ ಕಲ್ಕತ್ತೆಯಲ್ಲಿ ನೆಲೆಸಿದವನು. ಬಿರುಗಾಳಿಗೆ ಸಿಕ್ಕಿ ಬದುಕಿ ಬಂದ ಹಡಗುಗಳ ದಿನಚರಿಗಳನ್ನು ಒಟ್ಟುಗೂಡಿಸಿ, ಯಾವ ಹೊತ್ತಿಗೆ ಯಾವ ಹಡಗಿಗೆ ಯಾವ ದಿಕ್ಕಿನಿಂದ ಗಾಳಿ ಬೀಸಿತೆಂದು ಗುರುತು ಹಾಕುತ್ತ ಹೋದಾಗ, ಗಾಳಿಯು ನೇರವಾಗಿ ಬೀಸಿದ್ದಲ್ಲ, ಒಂದು ನಡುವಿನ ಸುತ್ತ ಸುತ್ತಿಕೊಂಡದ್ದೆಂಬುದು ಅವನಿಗೆ ಸ್ಪಷ್ಟವಾಯಿತು. ಸುತ್ತಿಕೊಂಡ ಹಾವನ್ನು ಸೂಚಿಸುವ ಗ್ರೀಕ್ ಮಾತಿನಿಂದ ಆತನು ಈ ಹೆಸರನ್ನು ಮಾಡಿ, 1848ರಲ್ಲಿ ನಾವಿಕರಿಗಾಗಿ ಬರೆದ ತನ್ನ ಗ್ರಂಥದಲ್ಲಿ ಪ್ರಕಟಿಸಿದನು.

ಪಿಡಿಂಗ್ಟನ್ನನ ಬಾಳಿನ ಇನ್ನೊಂದು ಸಂಗತಿ ನಮಗೆ ಹೆಚ್ಚು ಬೇಕಾದುದು. ಬಂಗಾಳದ ಮಾತ್ಲಾ ನದಿಯ ದಂಡೆಯಲ್ಲಿ ಹೊಸ ಬಂದರೊಂದನ್ನು ಕಟ್ಟಬೇಕೆಂದು ಕಂಪೆನಿಯ ಸರ್ಕಾರವು ಯೋಚಿಸಿದಾಗ, ಆತನು 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದು, ಆ ಸ್ಥಳವು ಚಂಡಮಾರುತದ ಉಬ್ಬರಕ್ಕೆ ಬಾಯ್ದೆರೆದು ನಿಂತಿದೆಯೆಂದು ಎಚ್ಚರಿಸಿದನು. ಆ ಮಾತನ್ನು ಕೇಳಿದವರಿಲ್ಲ. ಕ್ಯಾನಿಂಗ್ ಬಂದರೆಂಬ ಹೆಸರಿನಿಂದ ಪಟ್ಟಣವೆದ್ದಿತು. 1867ರ ಬಿರುಗಾಳಿ ಅದನ್ನು ಹಾಳುಮಾಡಿತು. ಕೆಲವೇ ವರ್ಷಗಳಲ್ಲಿ ಬಂದರನ್ನು ಕೈಬಿಡಬೇಕಾಯಿತು. ಎಚ್ಚರಿಸಿದವನು ಅಷ್ಟರಲ್ಲಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಚಂಡಮಾರುತದ ಚರಿತ್ರೆಯೆಲ್ಲ ಒಂದು ಬಗೆಯಲ್ಲಿ ಈ ಕಥೆಯದೇ ವಿಸ್ತಾರ. ಹೇಳುವವನೊಬ್ಬನಿರುತ್ತಾನೆ, ಕೇಳುವ ಕಿವಿಗೆ ಮಾತು ಮುಟ್ಟುವುದೇ ಕಷ್ಟ.

1864ರ ಅಕ್ಟೋಬರಿನಲ್ಲಿ ಕಲ್ಕತ್ತೆಯನ್ನು ಬಡಿದ ಚಂಡಮಾರುತದಲ್ಲಿ ಅಸಂಖ್ಯಾತ ಜನರು ಅಳಿದರು. ಮರುವರ್ಷವೇ ಆ ಬಂದರಿಗೆ ಬಿರುಗಾಳಿಯ ಮುನ್ಸೂಚನೆ ಕೊಡುವ ಏರ್ಪಾಡಾಯಿತು. 1875ರಲ್ಲಿ ಇಡೀ ದೇಶಕ್ಕೆ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಬಂದರುಗಳ ಕಂಬಗಳಲ್ಲಿ ಹಗಲು ಬುಟ್ಟಿಯಂಥ ಗುರುತುಗಳನ್ನೂ ಇರುಳು ದೀಪಗಳನ್ನೂ ಏರಿಸಿ, ಒಂದರಿಂದ ಹನ್ನೊಂದರವರೆಗಿನ ಸಂಖ್ಯೆಯ ಸಂಕೇತಗಳಿಂದ ಹಡಗುಗಳಿಗೆ ಅಪಾಯವನ್ನು ತಿಳಿಸುವ ಪದ್ಧತಿ ಬೆಳೆಯಿತು. ಇದೆಲ್ಲ ಹಡಗಿನವರಿಗಾಗಿ ಹುಟ್ಟಿದ ವ್ಯವಸ್ಥೆಯೆಂಬುದನ್ನು ಗಮನಿಸಬೇಕು. ಸರಕು ಮುಳುಗಬಾರದೆಂಬ ಕಾಳಜಿ ಮೊದಲು ಬಂದಿತು. ಗುಡಿಸಲಿನವನು ಮುಳುಗಬಾರದೆಂಬ ಕಾಳಜಿ ಬರಲು ಇನ್ನೂ ನೂರು ವರ್ಷ ಬೇಕಾಯಿತು.

ಆ ನೂರು ವರ್ಷಗಳ ಬೆಲೆ ಘೋರವಾದುದು. 1970ರ ನವೆಂಬರಿನಲ್ಲಿ ಅಂದಿನ ಪೂರ್ವ ಪಾಕಿಸ್ತಾನದ ಭೋಲಾ ಪ್ರಾಂತದಲ್ಲಿ ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನರು ಒಂದೇ ರಾತ್ರಿಯಲ್ಲಿ ನೀರುಪಾಲಾದರು. 1977ರ ನವೆಂಬರ್ 19ರಂದು ನಮ್ಮ ನೆರೆಯ ಆಂಧ್ರದ ಕೃಷ್ಣಾ ನದಿಯ ಮುಖದಲ್ಲಿರುವ ದಿವಿಸೀಮೆಯಲ್ಲಿ ಸುಮಾರು 10,000 ಜನರು ಸತ್ತರು. 1999ರ ಅಕ್ಟೋಬರ್ 29ರಂದು ಒಡಿಶಾದ ದಡದಲ್ಲಿಯೂ ಸುಮಾರು ಅಷ್ಟೇ ಜನರು. ಆದರೆ 2013ರ ಅಕ್ಟೋಬರಿನಲ್ಲಿ ಅದೇ ಒಡಿಶಾಕ್ಕೆ ಫೈಲಿನ್ ಎಂಬ ಅತಿ ಭಯಂಕರ ಚಂಡಮಾರುತ ಬಂದಾಗ, ಅದಕ್ಕೂ ಮುಂಚೆ ಸುಮಾರು ಹತ್ತು ಲಕ್ಷ ಜನರನ್ನು ದಡದಿಂದ ಒಳಕ್ಕೆ ಸಾಗಿಸಲಾಗಿತ್ತು. ಸತ್ತವರ ಲೆಕ್ಕ ಸಾವಿರದಿಂದ ಹತ್ತುಗಳಿಗೆ ಇಳಿಯಿತು. ಗಾಳಿ ಸೌಮ್ಯವಾದುದರಿಂದ ಹೀಗಾದುದಲ್ಲ. ನಡುವಣ ಹದಿನಾಲ್ಕು ವರ್ಷಗಳಲ್ಲಿ ಆಶ್ರಯದ ಕಟ್ಟಡಗಳೂ ರಸ್ತೆಗಳೂ ಹಳ್ಳಿಹಳ್ಳಿಯ ಸ್ವಯಂಸೇವಕರೂ ಸಿದ್ಧವಾಗಿದ್ದರು.

ಈಗ ನಮ್ಮ ಕನ್ನಡ ಕರಾವಳಿಯ ಕಡೆಗೆ ಬರೋಣ. ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತ ಹುಟ್ಟಿದರೆ ಅರಬ್ಬೀ ಸಮುದ್ರದಲ್ಲಿ ಒಂದು ಹುಟ್ಟೀತೆಂಬುದು ಬಹುಕಾಲದ ಲೆಕ್ಕ. ಹುಟ್ಟಿದವುಗಳಲ್ಲಿಯೂ ಅನೇಕವು ಪಶ್ಚಿಮಕ್ಕೆ ಸರಿದು ಅರೇಬಿಯಾದ ಕಡೆಗೆ ಹೋಗುತ್ತವೆ. ಇಲ್ಲವೇ ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ನಡೆದು ಗುಜರಾತನ್ನು ಸೇರುತ್ತವೆ. ಆದುದರಿಂದ ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ಕಾರವಾರಗಳ ಜನರಿಗೆ ಕಣ್ಣು ಮೂಡಿದ ಚಂಡಮಾರುತದ ನೇರ ಪರಿಚಯ ಕಡಿಮೆ. ಅವರು ಅಂಜಿ ನಡೆದುಕೊಳ್ಳುತ್ತಿದ್ದುದು ಮುಂಗಾರಿಗೆ. ಮಳೆಗಾಲದಲ್ಲಿ ಹಾಯಿಹಡಗುಗಳು ದಡ ಸೇರುತ್ತಿದ್ದುವು. ನೂಲ ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿಗಳನ್ನು ಅರ್ಪಿಸಿ ಪೂಜಿಸಿದ ಮೇಲೆ ಮೀನುಗಾರಿಕೆ ಮತ್ತೆ ಮೊದಲಾಗುತ್ತಿತ್ತು. ಇಂದಿಗೂ ಯಂತ್ರದ ದೋಣಿಗಳಿಗೆ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಕಡಲು ನಿಷಿದ್ಧ.

ಇಲ್ಲಿಯೇ ತೊಡಕಿರುವುದು. ಅರಬ್ಬೀ ಸಮುದ್ರದ ಚಂಡಮಾರುತಗಳು ಮುಂಗಾರಿಗೆ ಮುಂಚಿನ ಮೇ, ಜೂನ್‌ಗಳಲ್ಲಿಯೂ ಮುಂಗಾರು ಮುಗಿದ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಹುಟ್ಟುತ್ತವೆ. ಎಂದರೆ ಹಿರಿಯರ ಪಂಚಾಂಗವು ಕಡಲು ಕ್ಷೇಮವೆಂದು ಹೇಳುವ ದಿನಗಳಲ್ಲಿಯೇ ಅವು ಬರುತ್ತವೆ. ಮೀನುಗಾರನ ಅನುಭವಜ್ಞಾನ ಸುಳ್ಳಲ್ಲ. ಆದರೆ ಈ ಶತ್ರುವು ಆ ಜ್ಞಾನದ ಬೇಲಿಯ ಹೊರಗಿನಿಂದ ಬರುತ್ತಾನೆ. 2017ರ ನವೆಂಬರ್ ಕೊನೆಯಲ್ಲಿ ಕನ್ಯಾಕುಮಾರಿಯ ಬಳಿ ಒಖಿ ಚಂಡಮಾರುತವು ಅತಿ ಶೀಘ್ರವಾಗಿ ಬಲಿತಾಗ, ಕೇರಳ ಮತ್ತು ತಮಿಳುನಾಡಿನ ನೂರಾರು ಮೀನುಗಾರರು ಆಗಲೇ ನಡುಗಡಲಲ್ಲಿದ್ದರು. ಎಚ್ಚರಿಕೆ ಹೊರಟಾಗ ಅದನ್ನು ಕೇಳುವ ಸಾಧನ ಅವರ ಬಳಿ ಇರಲಿಲ್ಲ. ಬಹಳ ಮಂದಿ ಹಿಂದಿರುಗಲಿಲ್ಲ.

ಇದಾದ ನಾಲ್ಕನೆಯ ವರ್ಷ, 2021ರ ಮೇ ತಿಂಗಳಲ್ಲಿ, ನಮ್ಮ ಕರಾವಳಿಯ ಸರದಿ ಬಂದಿತು. ಮೇ 14ರ ಬೆಳಗ್ಗೆ ಲಕ್ಷದ್ವೀಪದ ಬಳಿ ವಾಯುಭಾರ ಕುಸಿತವುಂಟಾಯಿತು. ಅದು ಆ ರಾತ್ರಿ ಕಳೆಯುವಷ್ಟರಲ್ಲಿ ಚಂಡಮಾರುತವಾಗಿ, 16ನೆಯ ತಾರೀಕಿಗೆ ಅತಿ ತೀವ್ರವಾಗಿ, ನಮ್ಮ ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ನಡೆಯಿತು; 17ರ ರಾತ್ರಿ ದೀವ್‌ನ ಬಳಿ ಗುಜರಾತಿನ ನೆಲವನ್ನು ಹೊಕ್ಕಿತು. ಇದಕ್ಕೆ ತೌಕ್ತೆ ಎಂದು ಹೆಸರು. ಹಿಂದೂ ಮಹಾಸಾಗರದ ಉತ್ತರಭಾಗದ ಚಂಡಮಾರುತಗಳಿಗೆ ಸುತ್ತಲ ದೇಶಗಳು ಸರದಿಯಂತೆ ಹೆಸರು ಕೊಡುವ ಪದ್ಧತಿಯುಂಟು. ಇದು ಮ್ಯಾನ್ಮಾರ್ ಕೊಟ್ಟ ಹೆಸರು. ಸದ್ದು ಮಾಡುವ ಒಂದು ಬಗೆಯ ಹಲ್ಲಿಯೆಂದು ಅರ್ಥ. ಗೋಡೆಯ ಹಲ್ಲಿ ಲೊಚಗುಟ್ಟಿದರೆ ಕೃಷ್ಣ ಕೃಷ್ಣ ಎಂದು ನೆಲವನ್ನು ಬೆರಳಿನಿಂದ ತಟ್ಟುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಈ ಹಲ್ಲಿಯ ಶಕುನವನ್ನು ಮಾತ್ರ ಆಕಾಶದಲ್ಲಿ ನಿಂತ ಉಪಗ್ರಹಗಳು ಕೆಲವು ದಿನ ಮೊದಲೇ ಓದಿ ಹೇಳಿದ್ದುವು.

ಸಿದ್ಧತೆ ಹೇಗೆ ನಡೆಯುತ್ತದೆಂಬುದನ್ನು ಇಲ್ಲಿ ಹೇಳಬೇಕು. ಹವಾಮಾನ ಇಲಾಖೆಯ ಸೂಚನೆಯು ಸರ್ಕಾರದ ವಿಪತ್ತು ನಿರ್ವಹಣಾ ಕೇಂದ್ರಕ್ಕೂ, ಅಲ್ಲಿಂದ ಜಿಲ್ಲಾಧಿಕಾರಿಗೂ ತಹಶೀಲ್ದಾರರಿಗೂ ಗ್ರಾಮ ಪಂಚಾಯಿತಿಗೂ ಇಳಿಯುತ್ತದೆ. ಮೊದಲ ಕೆಲಸ, ಕಡಲಿಗೆ ಹೋದ ದೋಣಿಗಳನ್ನು ಹಿಂದಕ್ಕೆ ಕರೆಯುವುದು. ದಡದ ದೋಣಿಗಳನ್ನು ತಡೆಯುವುದು. ಎರಡನೆಯದು, ಶಾಲೆ ಮತ್ತು ಸಭಾಭವನಗಳನ್ನು ಕಾಳಜಿ ಕೇಂದ್ರಗಳನ್ನಾಗಿ ಮಾಡಿ ಅಕ್ಕಿ, ನೀರು, ಔಷಧ, ದೀಪಗಳನ್ನು ಒದಗಿಸುವುದು. ಮೂರನೆಯದು, ದಡದಂಚಿನ ಮನೆಗಳಿಂದ ವೃದ್ಧರು, ಬಸುರಿ ಬಾಣಂತಿಯರು, ಮಕ್ಕಳು, ರೋಗಿಗಳನ್ನು ಮೊದಲು ಸಾಗಿಸುವುದು. ಆ ಮೇ ತಿಂಗಳಲ್ಲಿ ಕೊರೋನಾ ಜಾಡ್ಯದ ಎರಡನೆಯ ಅಲೆ ಉಕ್ಕೇರಿತ್ತು; ರಾಜ್ಯವೆಲ್ಲ ಬಾಗಿಲು ಮುಚ್ಚಿತ್ತು. ಒಬ್ಬರಿಂದೊಬ್ಬರು ದೂರವಿರಿ ಎಂದು ಒಂದು ಬಾಯಿಯಿಂದ ಹೇಳುತ್ತ, ಒಂದೇ ಸೂರಿನ ಕೆಳಗೆ ಬನ್ನಿರಿ ಎಂದು ಇನ್ನೊಂದು ಬಾಯಿಯಿಂದ ಹೇಳಬೇಕಾದ ಕಷ್ಟ ಅಧಿಕಾರಿಗಳದಾಗಿತ್ತು.

ಸುಳಿಯ ಕಣ್ಣು ನಮ್ಮ ದಡವನ್ನು ಮುಟ್ಟಲಿಲ್ಲ. ಆದಾಗ್ಯೂ ಅದರ ಸೆರಗು ಬೀಸಿದ್ದೇ ಸಾಕಾಯಿತು. ಉಡುಪಿ ಜಿಲ್ಲೆಯ ನಾಡ ಎಂಬ ಊರಿನಲ್ಲಿ 24 ಗಂಟೆಗಳಲ್ಲಿ 385 ಮಿಲಿಮೀಟರು ಮಳೆ ಸುರಿಯಿತು. ಉಳ್ಳಾಲ, ಸೋಮೇಶ್ವರಗಳ ಕಡೆ ಅಲೆಗಳು ದಡವನ್ನು ಕೊರೆದು ಮನೆಗಳ ಬುಡಕ್ಕೆ ಬಂದುವು. ತೆಂಗಿನಮರಗಳು ಬೇರುಸಹಿತ ಉರುಳಿದುವು. ದೋಣಿಗಳು, ಬಲೆಗಳು ನಾಶವಾದುವು. ಪಡುಬಿದ್ರಿಯ ಬಳಿ ಒಂದು ಟಗ್ ಹಡಗು ಮಗುಚಿ, ಅದರಲ್ಲಿದ್ದವರಲ್ಲಿ ಕೆಲವರು ಮಾತ್ರ ಈಜಿ ದಡ ಸೇರಿದರು. ಮೂಲ್ಕಿಯ ಹತ್ತಿರ ಇನ್ನೊಂದು ಟಗ್ ಬಂಡೆಗಳಿಗೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನು ಮೇ 17ರಂದು ನೌಕಾದಳದ ಹೆಲಿಕಾಪ್ಟರು ಮತ್ತು ಕರಾವಳಿ ರಕ್ಷಣಾ ಪಡೆ ಸೇರಿ ಉಳಿಸಿದುವು. ಮೊದಲ ದಿನಗಳ ಸರ್ಕಾರಿ ಲೆಕ್ಕದಲ್ಲಿ 73 ಗ್ರಾಮಗಳು ಪೀಡಿತವೆಂದೂ ನಾಲ್ವರು ಸತ್ತರೆಂದೂ ಬರೆದಿತ್ತು. ಬಳಿಕ ಆ ಲೆಕ್ಕ ಏರಿತು. ಆ ನಾಲ್ವರಲ್ಲಿ ಕಡಲು ಕಾಣದ ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳವರೂ ಇದ್ದರೆಂಬುದನ್ನು ಶ್ರೋತೃಗಳು ನೆನಪಿನಲ್ಲಿಡಬೇಕು.

ಅದೇ ಚಂಡಮಾರುತವು ಮುಂಬಯಿಯ ಆಚೆಯ ಕಡಲಿನಲ್ಲಿ ತೈಲದ ಕೆಲಸದವರು ವಾಸವಿದ್ದ ತೆಪ್ಪಹಡಗೊಂದನ್ನು ಮುಳುಗಿಸಿತು. ಅದರಲ್ಲಿದ್ದ 261 ಜನರಲ್ಲಿ ಸುಮಾರು ಎಪ್ಪತ್ತು ಮಂದಿ ಅಳಿದರು. ಎಚ್ಚರಿಕೆ ದಿನಗಳ ಮೊದಲೇ ಹೊರಟಿದ್ದಿತು. ಅತ್ತ ಗುಜರಾತಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ದಡದಿಂದ ಸಾಗಿಸಿದ್ದರಿಂದ ಆಗಬಹುದಾಗಿದ್ದ ಅನಾಹುತ ಬಹಳ ಮಟ್ಟಿಗೆ ತಪ್ಪಿತು. ಒಂದೇ ಗಾಳಿ, ಒಂದೇ ಎಚ್ಚರಿಕೆ. ಒಂದೆಡೆ ಕೇಳಿದರು, ಇನ್ನೊಂದೆಡೆ ಕೇಳಲಿಲ್ಲ.

ಮನೆ ಬಿಡಿರಿ ಎಂದಾಗ ಬಡವನು ಏಕೆ ಬಿಡುವುದಿಲ್ಲ? ಅವನು ಮೂಢನೆಂದು ಪಟ್ಟಣದ ನಾವು ಬೇಗ ತೀರ್ಮಾನಿಸುತ್ತೇವೆ. ಅವನ ಪಕ್ಷದಿಂದ ಯೋಚಿಸಿ ನೋಡೋಣ. ಅವನ ದೋಣಿ ಸಾಲದ್ದು, ಬಲೆ ಸಾಲದ್ದು, ಕೊಟ್ಟಿಗೆಯಲ್ಲಿ ಒಂದು ಹಸು. ಅವನು ಹೋದ ಮೇಲೆ ಇವುಗಳನ್ನು ಕಾಯುವವರಾರು? ಶಾಲೆಯ ಜಗಲಿಯಲ್ಲಿ ಪರರ ಅನ್ನಕ್ಕೆ ಕೈಯೊಡ್ಡಿ ಕುಳಿತುಕೊಳ್ಳುವುದು ಮಾನವಂತನಿಗೆ ಸುಲಭವಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹೋದ ಸಲ ಇದೇ ರೀತಿ ಕರೆದರು, ಹೋದೆವು, ಗಾಳಿ ಬರಲಿಲ್ಲ ಎಂಬ ನೆನಪು. ಒಂದು ಸಲ ತಪ್ಪಿದ ಎಚ್ಚರಿಕೆಯು ಮುಂದಿನ ಎಚ್ಚರಿಕೆಯ ಬಾಯನ್ನು ಕಟ್ಟುತ್ತದೆ. ಆದುದರಿಂದ ದೋಣಿಗೂ ದನಕ್ಕೂ ನೆಲೆ ತೋರಿಸದೆ, ಮಾನದಿಂದ ಇರುವ ಜಾಗ ಕೊಡದೆ, ಬರಿಯ ಬಾಯಿಮಾತಿನಿಂದ ಜನರನ್ನು ಕದಲಿಸಲಾಗದು.

ಈ ಕೊನೆಯ ಅಂಶಕ್ಕೆ ಮಾದಿಹಳ್ಳಿಯ ಸೀಮೆಯೇ ಉತ್ತರ ಹೇಳಬಲ್ಲುದು. ನಮ್ಮ ಕೆರೆಗಳ ನಾಡಿನಲ್ಲಿ ನೀರಗಂಟಿಯೆಂಬ ಊರಾಳು ಇರುತ್ತಿದ್ದನು. ತೂಬನ್ನು ತೆರೆದು ಮುಚ್ಚಿ ಗದ್ದೆಗೆ ನೀರು ಹಂಚುವುದು ಅವನ ನಿತ್ಯದ ಕೆಲಸ. ಆದರೆ ಜಡಿಮಳೆಯ ರಾತ್ರಿ ಕೆರೆ ಕೋಡಿಬಿದ್ದು ಏರಿ ಅದುರುವಾಗ, ಊರನ್ನು ಎಬ್ಬಿಸುವ ಹೊಣೆಯೂ ಅವನದೇ. ತಮಟೆಯ ಸದ್ದು ಕೇಳಿದೊಡನೆ ಕೆಳಗಿನ ಕೇರಿಯವರು ಮಕ್ಕಳನ್ನೆತ್ತಿಕೊಂಡು ದಿಣ್ಣೆಗೆ ಹೋಗುತ್ತಿದ್ದರು. ಹತ್ತು ಸಲ ಎಬ್ಬಿಸಿದರೆ ಒಂದು ಸಲ ಏರಿ ಒಡೆದೀತು. ಉಳಿದ ಒಂಬತ್ತು ಬೆಳಗೂ ನೀರಗಂಟಿಯನ್ನು ಸುಳ್ಳುಗಾರನೆಂದು ಊರು ಜರೆಯುತ್ತಿರಲಿಲ್ಲ. ಅವನು ಹೇಳಿದ್ದು ಭವಿಷ್ಯವಲ್ಲ, ಏರಿಯ ಮೇಲೆ ನಿಂತು ಕಂಡ ಸಂಗತಿ ಎಂಬುದು ಅವರಿಗೆ ತಿಳಿದಿತ್ತು. ಹವಾಮಾನದ ಎಚ್ಚರಿಕೆಯೂ ಜಾತಕವಲ್ಲ. ಅದು ಕಡಲಿನ ಏರಿಯ ಮೇಲೆ ನಿಂತವನ ತಮಟೆ. ಗಾಳಿಯು ಮೂವತ್ತು ಹರದಾರಿ ಆಚೆ ಸರಿದುಹೋದರೆ ಬದುಕಿದೆವೆಂದು ಮನೆಗೆ ಮರಳಬೇಕೇ ಹೊರತು ಮೋಸಹೋದೆವೆಂದು ಮುನಿಯಬಾರದು. ಆದರೆ ನೀರಗಂಟಿಯು ಊರಿನವನೇ ಆಗಿದ್ದುದರಿಂದ ಅವನ ಮಾತು ನಡೆಯಿತೆಂಬುದನ್ನೂ ಮರೆಯುವಂತಿಲ್ಲ. ಎಚ್ಚರಿಕೆಯು ಪರಿಚಿತವಾದ ಬಾಯಿಯಿಂದ, ತನ್ನ ಭಾಷೆಯಲ್ಲಿ, ಹೊತ್ತಿಗೆ ಸರಿಯಾಗಿ ಬರಬೇಕು.

ಇನ್ನು ಆರಂಭದಲ್ಲಿ ಬಾಕಿಯಿಟ್ಟ ಉತ್ತರ. ತೌಕ್ತೆ ಬಂದುದು ಕೃತ್ತಿಕೆ ಮಳೆಯ ದಿನಗಳಲ್ಲಿ. ಹಾಸನದ ಸೀಮೆಯಲ್ಲಿ ಅದು ಆಲೂಗೆಡ್ಡೆಯ ಬಿತ್ತನೆಯ ಕಾಲ. ಹದವಾದ ಮಳೆ ಬಂದರೆ ಬಿತ್ತಿದ ಗೆಡ್ಡೆ ಮೊಳೆಯುತ್ತದೆ. ಹದ ಮೀರಿ ನಿಂತರೆ ಮಣ್ಣಿನಲ್ಲೇ ಕೊಳೆಯುತ್ತದೆ. ಕಡಲಿನ ಸುಳಿ ಎಸೆದ ಮೋಡ ಘಟ್ಟವನ್ನು ಹತ್ತಿ ಯಗಚಿಯ ಬಯಲಿಗೆ ಸುರಿಯುತ್ತದೆ; ಯಗಚಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ ಸೇರಿ, ಪಡುಗಡಲಿನಿಂದೆದ್ದ ನೀರು ಮೂಡುಗಡಲನ್ನು ಹೊಗುತ್ತದೆ. ಘಟ್ಟದ ಗೋಡೆ ನಮ್ಮ ಕಣ್ಣಿಗೆ ಅಡ್ಡವೇ ಹೊರತು ಗಾಳಿಗೂ ನೀರಿಗೂ ಅಡ್ಡವಲ್ಲ. ಈ ಕೆಲವು ದಶಕಗಳಲ್ಲಿ ಅರಬ್ಬೀ ಸಮುದ್ರದ ನೀರು ಬಿಸಿಯಾಗುತ್ತ ಬಂದಿದೆ. ಬಲವಾದ ಚಂಡಮಾರುತಗಳು ಅಲ್ಲಿ ಹಿಂದಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿವೆ. 2007ರ ಗೋನು, 2019ರ ಕ್ಯಾರ್, ಇವೆರಡೂ ಸೂಪರ್ ಸೈಕ್ಲೋನ್‌ಗಳೇ. ನಾಲ್ಕಕ್ಕೆ ಒಂದೆಂಬ ಹಳೆಯ ಲೆಕ್ಕವನ್ನು ನೆಚ್ಚಿ ಕೂರುವ ಕಾಲ ಮುಗಿಯಿತು.

ಮುಂದಿನ ಮೇ ತಿಂಗಳಲ್ಲಿ, ಕೃತ್ತಿಕೆಯ ಮೋಡ ಹಳೇಬೀಡಿನ ಕೆರೆಯ ಮೇಲೆ ಕವಿದಾಗ, ಬಿತ್ತನೆಗೆ ಹದ ನೋಡುವ ರೈತನು ಒಮ್ಮೆ ಪಡುವಣ ದಿಕ್ಕಿಗೂ ತಿರುಗಿ ನೋಡಲಿ. ಅದೇ ಗಳಿಗೆಯಲ್ಲಿ ಮಲ್ಪೆಯ ಧಕ್ಕೆಯ ಮೇಲೆ ಒಬ್ಬ ಹೆಂಗಸು ಮನೆಯವನ ದೋಣಿಯ ದಾರಿ ನೋಡುತ್ತ ನಿಂತಿರಬಹುದು. ಇಬ್ಬರ ತಲೆಯ ಮೇಲಿರುವುದೂ ಒಂದೇ ಮೋಡ.